ಹೊಸಬನಿಗೆ ಹೊಣೆ ಯಾರು?

‘ಹೊಣೆ’ ಎಂದರೆ ಇಂದು ನಮಗೆ ಜವಾಬ್ದಾರಿ. ಹಳಗನ್ನಡದ ‘ಪೊಣೆ’ಗೆ ಇದ್ದ ಅರ್ಥ ಇನ್ನೂ ಬಿಗಿ: ಒಬ್ಬನ ಪರವಾಗಿ ಇನ್ನೊಬ್ಬ ನಿಂತು ಕೊಡುವ ಜಾಮೀನು. ಜವಾಬ್ದಾರಿ ಮನಸ್ಸಿಗೆ ಸೇರಿದ್ದು, ಜಾಮೀನು ಗಂಟಿಗೆ ಸೇರಿದ್ದು. ಮಾತು ತಪ್ಪಿದಾಗ ಜವಾಬ್ದಾರನಿಗೆ ನಾಚಿಕೆಯಾದೀತು. ಹೊಣೆ ನಿಂತವನು ಹಣ ಎಣಿಸಬೇಕಾದೀತು. ಪೇಟೆಯ ಚರಿತ್ರೆಯನ್ನು ನಾವು ಸರಕಿನ ಚರಿತ್ರೆಯಾಗಿ, ದಾರಿಗಳ ಚರಿತ್ರೆಯಾಗಿ, ನಾಣ್ಯದ ಚರಿತ್ರೆಯಾಗಿ ಬರೆದುಕೊಂಡಿದ್ದೇವೆ. ಹಿಂದೆ ಮುಂದೆ ಗೊತ್ತಿಲ್ಲದ ಮಾರಾಟಗಾರನನ್ನು ಪೇಟೆ ಒಳಗೆ ಬಿಟ್ಟುಕೊಂಡ ಚರಿತ್ರೆಯಾಗಿ ಅದನ್ನು ಓದಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಹೊಸಬನ ಮೇಲೆ ನಂಬಿಕೆ ಹುಟ್ಟಿಸಿದ್ದು ಅವನ ಗುಣದ ಬಗೆಗಿನ ತಿಳಿವಳಿಕೆ ಅಲ್ಲ. ವ್ಯವಹಾರ ಕೆಟ್ಟರೆ ನಷ್ಟ ಯಾರ ತಲೆಗೆ ಎಂಬ ಪ್ರಶ್ನೆಗೆ ಮೊದಲೇ ಸಿಕ್ಕ ಉತ್ತರ. ಆ ಉತ್ತರ ಇದ್ದ ಪೇಟೆಗಳು ದೂರದ ವ್ಯಾಪಾರಿಗಳನ್ನು ಕರೆದುಕೊಂಡವು. ಅದನ್ನು ಕೊಡದೆ ಬರೀ ಪರಿಚಯ ಮತ್ತು ಹೆಸರಿನ ಮೇಲೆ ನಡೆದ ಪೇಟೆಗಳು ಬೇಗನೆ ಎಡವಿದವು. ಇಂದಿನ ಆನ್‌ಲೈನ್ ಮಾರುಕಟ್ಟೆಗಳು ದಿನವೂ ಎದುರಿಸುತ್ತಿರುವ ತೊಡಕು ಇದೇ, ಹೊಸದೇನಲ್ಲ.

ಈ ತೊಡಕನ್ನು ಅತ್ಯಂತ ಕ್ರಮವಾಗಿ ಬಿಡಿಸಿಟ್ಟ ಗ್ರಂಥಗಳಲ್ಲೊಂದು ನಮ್ಮ ನೆಲದ್ದೇ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಆಸ್ತಿಯ ಪಾಲಿನ ವಿಷಯದಲ್ಲಿ ಅದರ ಹೆಸರನ್ನು ವಕೀಲರ ಬಾಯಲ್ಲಿ ಕೇಳಿದವರು ಬಹಳ; ಅದರೊಳಗಿನ ವ್ಯಾಪಾರದ ಪ್ರಕರಣಗಳನ್ನು ಗಮನಿಸಿದವರು ಕಡಿಮೆ. ಸ್ಮೃತಿ ಹೊಣೆಯನ್ನು ಮೂರಾಗಿ ವಿಂಗಡಿಸುತ್ತದೆ. ಮೊದಲನೆಯದು ದರ್ಶನ: ಬೇಕಾದಾಗ ಆಸಾಮಿಯನ್ನು ತಂದು ಎದುರಿಗೆ ನಿಲ್ಲಿಸುತ್ತೇನೆ ಎಂಬ ಹೊಣೆ. ಎರಡನೆಯದು ಪ್ರತ್ಯಯ: ಇವನು ನಂಬಿಗಸ್ತ, ಮೋಸ ಮಾಡುವವನಲ್ಲ ಎಂಬ ಹೊಣೆ. ಇಂಥವರ ಮಗ, ಒಳ್ಳೆಯ ಬೆಳೆ ಬರುವ ನೆಲ ಉಳ್ಳವನು ಎಂದು ಸಾಕ್ಷಿ ನುಡಿಯುವ ಬಗೆಯನ್ನು ವಿಜ್ಞಾನೇಶ್ವರ ಇಲ್ಲಿ ವಿವರಿಸುತ್ತಾನೆ. ಮೂರನೆಯದು ದಾನ: ಅವನು ಕೊಡದಿದ್ದರೆ ನಾನೇ ಕೊಡುತ್ತೇನೆ ಎಂಬ ಹೊಣೆ. ಮೂರಕ್ಕೂ ಭಾರ ಒಂದೇ ಅಲ್ಲ. ಮೊದಲೆರಡರಲ್ಲಿ ಮಾತು ಸುಳ್ಳಾದರೆ ಹೊಣೆ ನಿಂತವನು ತೆರಬೇಕು. ಮೂರನೆಯದರಲ್ಲಿ ಅವನ ಮಕ್ಕಳ ಮೇಲೂ ಭಾರ ಬೀಳುತ್ತದೆ. ಇಂದಿನ ಮಾತಿಗೆ ತಂದರೆ ಗುರುತಿನ ಪರಿಶೀಲನೆ, ರೇಟಿಂಗ್, ಠೇವಣಿ. ಆದರೆ ಹೋಲಿಕೆ ಒಂದು ಕಡೆ ನಿಂತುಬಿಡುತ್ತದೆ. ಸ್ಮೃತಿಯ ಪ್ರಕಾರ ಮುಖ ತೋರಿಸುವ ಹೊಣೆಯೂ ಒಳ್ಳೆಯ ಮಾತಾಡುವ ಹೊಣೆಯೂ ಕೊನೆಗೆ ಹಣಕ್ಕೇ ಬಂದು ನಿಲ್ಲುತ್ತವೆ. ‘ಒಳ್ಳೆಯವನು’ ಎಂದು ಹೇಳಿ ಕೈ ತೊಳೆದುಕೊಳ್ಳಲು ಅಲ್ಲಿ ಅವಕಾಶವಿಲ್ಲ.

ಇದು ಸಾಲದ ಪ್ರಕರಣದಲ್ಲಿ ಬರುವ ವಿಚಾರ, ಸಂತೆಗೆ ಬರುವವರಿಗೆ ಹಾಕಿದ ನಿಯಮವಲ್ಲ ಎಂದು ಆಕ್ಷೇಪಿಸಬಹುದು. ನಿಜ. ಆದರೆ ಅದೇ ಗ್ರಂಥ ಸರಕು ಮಾರುವವನ ವಿಷಯದಲ್ಲೂ ಇದೇ ದಾರಿ ಹಿಡಿಯುತ್ತದೆ. ಒಡೆಯನಲ್ಲದವನು ಮಾರಿದ ವಸ್ತುವನ್ನು ನಿಜವಾದ ಒಡೆಯ ಮರಳಿ ಪಡೆಯಬಹುದು. ಕೊಂಡವನು ಮರೆಯಲ್ಲಿ, ಬೆಲೆಗಿಂತ ತೀರ ಅಗ್ಗಕ್ಕೆ, ಹೊತ್ತಲ್ಲದ ಹೊತ್ತಿನಲ್ಲಿ, ಆ ವಸ್ತು ಕೈಸೇರುವ ದಾರಿಯೇ ಇಲ್ಲದವನಿಂದ ಕೊಂಡಿದ್ದರೆ ಅವನೂ ಕಳ್ಳನ ಸಮ. ಕಳ್ಳಮಾಲು ಹಿಡಿಯಲು ಇಂದಿನ ಕಂಪ್ಯೂಟರ್‌ಗಳು ಹುಡುಕುವ ಸುಳಿವುಗಳೂ ಇವೇ: ತೀರ ಕಡಿಮೆ ಬೆಲೆ, ನಡುರಾತ್ರಿಯ ವಹಿವಾಟು, ಇಷ್ಟೊಂದು ಮಾಲು ಇವನಿಗೆ ಎಲ್ಲಿಂದ ಬಂತು ಎಂಬ ಅನುಮಾನ. ಕೊಂಡ ಮಾಲನ್ನು ಪರೀಕ್ಷಿಸಿ ನೋಡಲು ಸ್ಮೃತಿ ಗಡುವನ್ನೂ ಕೊಡುತ್ತದೆ. ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆ ಎಳೆಯುವ ಪ್ರಾಣಿಗೆ 5 ದಿನ, ರತ್ನಕ್ಕೆ 7 ದಿನ, ಹಾಲು ಕೊಡುವ ಪ್ರಾಣಿಗೆ 3 ದಿನ. ಅದೇ ಪಟ್ಟಿಯಲ್ಲಿ ದಾಸಿಗೂ ದಾಸನಿಗೂ ಗಡುವು ಇದೆ ಎಂಬುದನ್ನು ಮುಚ್ಚಿಡಬಾರದು; ಮನುಷ್ಯರನ್ನು ಮಾರುತ್ತಿದ್ದ ಸಮಾಜದ ಕಾನೂನು ಅದು, ಆದರ್ಶವೆಂದು ಎತ್ತಿ ಹಿಡಿಯಬೇಕಾದದ್ದಲ್ಲ. ಇದಕ್ಕೂ ಹಿಂದಿನ ಕೌಟಿಲ್ಯನ ಅರ್ಥಶಾಸ್ತ್ರ ಹಳೆಯ ಸಾಮಾನು ಮಾರುವವನು ಅದು ತನ್ನದೆಂದು ಮೊದಲು ತೋರಿಸಿಕೊಡಬೇಕು ಎನ್ನುತ್ತದೆ. ತೂಕದ ಬಟ್ಟುಗಳಿಗೆ ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಬೀಳಬೇಕು ಎನ್ನುತ್ತದೆ. ಈ ನಿಯಮಗಳು ಎಷ್ಟರಮಟ್ಟಿಗೆ ಜಾರಿಯಲ್ಲಿದ್ದವು ಎಂಬುದು ಬೇರೆ ಪ್ರಶ್ನೆ. ಮಾರುವವನ ಮನಸ್ಸನ್ನು ಅಳೆಯಲು ಹೋಗದೆ ವಸ್ತುವನ್ನು, ತೂಕವನ್ನು, ಹೊತ್ತನ್ನು, ಬೆಲೆಯನ್ನು ಅಳೆಯಬೇಕೆಂಬ ತಿಳಿವು ಅಂದೇ ಇತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

ಶಾಸ್ತ್ರ ಬಿಟ್ಟು ಶಾಸನಕ್ಕೆ ಬರೋಣ. ಮಲಪ್ರಭೆಯ ದಂಡೆಯ ಐಹೊಳೆ ಇಂದು ಗುಡಿಗಳ ಊರು. ಮಧ್ಯಯುಗದಲ್ಲಿ ಅದರ ಹೆಸರು ಸಮುದ್ರ ದಾಟಿ ಹೋಗಿತ್ತು, ಗುಡಿಗಳಿಂದಲ್ಲ, ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದಿಂದ. ಕನ್ನಡ, ತೆಲುಗು, ತಮಿಳು ನಾಡುಗಳಲ್ಲಿ, ಶ್ರೀಲಂಕೆಯಲ್ಲಿ ಅವರ ಶಾಸನಗಳಿವೆ. ಸುಮಾತ್ರಾದ ಬಾರುಸ್ ಬಳಿ ಸಿಕ್ಕ 1088ರ ತಮಿಳು ಶಾಸನವೂ ಈ ಐನೂರ್ವರದೇ. ಶಿಕಾರಿಪುರ ಸೀಮೆಯ 11ನೆಯ ಶತಮಾನದ ಶಾಸನವೊಂದರ ಪ್ರಶಸ್ತಿ ಅವರ ಸರಕನ್ನು ಆನೆ, ಕುದುರೆ, ರತ್ನ, ಸುಗಂಧ, ಸಾಂಬಾರ ಎಂದು ಎಣಿಸುತ್ತದೆ. ತಮ್ಮನ್ನು ಅವರು ವೀರಬಣಂಜು ಧರ್ಮದ ಪಾಲಕರೆಂದು ಕರೆದುಕೊಂಡರು. ಅವರೊಳಗೆ ‘ನಾನಾದೇಸಿ’ಗಳು, ಎಂದರೆ ಹಲವು ದೇಶಗಳವರು ಇದ್ದರು. ಈ ಕೊನೆಯ ಮಾತೇ ನಮಗೆ ಮುಖ್ಯ. ಒಂದೇ ಕುಲದ, ಒಂದೇ ಊರಿನ ವ್ಯಾಪಾರಿಗಳ ನಡುವೆ ನಂಬಿಕೆ ಇರುವುದು ದೊಡ್ಡ ಮಾತಲ್ಲ. ಮದುವೆ, ತಿಥಿ, ಜಾತ್ರೆಗಳಲ್ಲಿ ಮುಖ ನೋಡಲೇಬೇಕಾದವನು ಮೋಸ ಮಾಡಲು ಹಿಂಜರಿಯುತ್ತಾನೆ. ಭಾಷೆ ಬೇರೆ, ಕುಲ ಬೇರೆ, ಮತ ಬೇರೆಯಾದವರನ್ನು ಒಂದು ಹೆಸರಿನ ಕೆಳಗೆ ತಂದು, ಆ ಹೆಸರಿಗೆ ದೂರದ ಊರಿನಲ್ಲೂ ಬೆಲೆ ಬರುವಂತೆ ಮಾಡುವುದು ದೊಡ್ಡ ಸಾಧನೆ. ಈ ಸಂಘಗಳು ತಮ್ಮ ಸರಕಿನ ಮೇಲೆ ತಾವೇ ಆಯ ಹಾಕಿಕೊಂಡು, ಹೇರಿಗಿಷ್ಟು ಅಡಕೆ, ಹೊರೆಗಿಷ್ಟು ಎಲೆ ಎಂದು ಗುಡಿಗಳಿಗೆ ಬಿಟ್ಟುಕೊಟ್ಟ ದತ್ತಿಗಳು ಹೇರಳ. ಅದರಲ್ಲಿ ಭಕ್ತಿ ಇತ್ತು, ಜೊತೆಗೆ ಲೆಕ್ಕವೂ ಇತ್ತು: ಎಲ್ಲರ ಎದುರು ಆಯ ತೆತ್ತವನು ಎಲ್ಲರ ಕಣ್ಣಿಗೆ ಬಿದ್ದವನು. ಸಂಘದ ಕಟ್ಟಳೆ ಮೀರಿದವನ ಸರ್ವಸ್ವವನ್ನೂ ಕಿತ್ತುಕೊಂಡು ನಾಡಿನಿಂದ ಹೊರಗಟ್ಟಬೇಕು ಎಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುವಾಗ, ಸಂಘದ ಮಾತಿಗೆ ಅರಸನ ದಂಡದ ಬೆಂಬಲವೂ ಸೇರಿತು.

ಪ್ರಶಸ್ತಿಗಳು ಬಡಾಯಿಯ ಸಾಹಿತ್ಯ, ಅವನ್ನು ನಂಬಿ ಚರಿತ್ರೆ ಬರೆಯಲಾಗದು ಎಂಬ ಆಕ್ಷೇಪವಿದೆ. ಐನೂರ್ವರು ಒಂದೇ ಆಡಳಿತದ ಒಂದು ಸಂಸ್ಥೆಯೋ, ಬೇರೆ ಬೇರೆ ಊರಿನ ಗುಂಪುಗಳು ಹಂಚಿಕೊಂಡ ಹೆಸರೋ ಎಂಬ ಬಗ್ಗೆ ವಿದ್ವಾಂಸರಲ್ಲೂ ಒಮ್ಮತವಿಲ್ಲ. ಈ ಆಕ್ಷೇಪವನ್ನು ಒಪ್ಪಿಕೊಂಡರೂ ವಾದ ಸಡಿಲವಾಗುವುದಿಲ್ಲ, ಬಿಗಿಯೇ ಆಗುತ್ತದೆ. ಕೇಂದ್ರ ಕಚೇರಿಯೇ ಇರಲಿಲ್ಲ ಎಂದುಕೊಂಡರೂ, ಬಾರುಸ್‌ನ ತಮಿಳು ವರ್ತಕರಿಗೂ ಶಿಕಾರಿಪುರ ಸೀಮೆಯ ಕನ್ನಡ ವರ್ತಕರಿಗೂ ಅದೇ ಹೆಸರು ಬೇಕೆನಿಸಿತಲ್ಲ, ಏಕೆ? ಸುಳ್ಳು ಹೊಗಳಿಕೆಯೂ ಕೊಳ್ಳುವವನಿಗೆ ಏನು ಬೇಕು ಎಂಬುದನ್ನು ಬಿಟ್ಟುಕೊಡುತ್ತದೆ. ಹೊಸ ಊರಿಗೆ ಕಾಲಿಟ್ಟ ವರ್ತಕ ‘ನಾನು ಪ್ರಾಮಾಣಿಕ’ ಎನ್ನಲಿಲ್ಲ. ‘ನನ್ನ ಹಿಂದೆ ಐನೂರು ಜನ ಇದ್ದಾರೆ’ ಎಂದ. ಮೊದಲನೆಯ ಮಾತನ್ನು ಯಾರು ಬೇಕಾದರೂ ಆಡಬಹುದು. ಎರಡನೆಯದರಲ್ಲಿ, ಇವನು ಕೈಕೊಟ್ಟರೆ ಮುಂದೆ ಯಾರನ್ನು ಹಿಡಿಯಬೇಕು ಎಂಬ ವಿಳಾಸ ಇದೆ.

ಬರೀ ಹೆಸರಿನ ಭಯ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಮಂಗಳೂರಿನ ಸಾಕ್ಷ್ಯವೊಂದಿದೆ. ಟ್ಯುನೀಸಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ. 1149ರಲ್ಲಿ ಏಡನ್‌ಗೆ ಮರಳಿದ. ಅವನ ಪತ್ರಗಳೂ ಲೆಕ್ಕಗಳೂ ಕೈರೋದ ಹಳೆಯ ಸಿನಗಾಗ್‌ನ ಕಾಗದದ ರಾಶಿಯಲ್ಲಿ ಉಳಿದು ಬಂದವು. ಏಲಕ್ಕಿ ಒದಗಿಸುತ್ತೇನೆಂದು ಮುಂಗಡ ಪಡೆದ ಇಲ್ಲಿನ ಒಬ್ಬ ಮಾಲು ಕೊಡದೆ ಸತಾಯಿಸಿದ. ಆ ಬಾಕಿ ಒಂದಕ್ಕಿಂತ ಹೆಚ್ಚು ಪತ್ರಗಳಲ್ಲಿ ತಲೆ ಎತ್ತುತ್ತದೆ. ಏಡನ್‌ನ ಪಾಲುದಾರರು ಬೆನ್ ಯಿಜುವಿಗೆ ಕೊಟ್ಟ ಸಲಹೆ ಸ್ವಾರಸ್ಯದ್ದು: ಬಾಕಿ ಉಳಿಸಿಕೊಂಡವರನ್ನು ಏಡನ್‌ನಲ್ಲಿ ನಾವು ಬಹಿರಂಗವಾಗಿ ಖಂಡಿಸುತ್ತೇವೆ, ನಿನ್ನ ಮೇಲೂ ಅಂಥ ಪತ್ರ ಬಂದೀತು ಎಂದು ಅವನನ್ನು ಹೆದರಿಸು. ಏಡನ್ ಮತ್ತು ಹಳೆಯ ಕೈರೋದ ಫುಸ್ತಾತ್‌ಗಳ ನಡುವೆ ಬದುಕುವ ವರ್ತಕನಿಗೆ ಅಂಥ ಪತ್ರ ಸಾವಿಗೆ ಸಮ. ಅದಾದ ಮೇಲೆ ಅವನೊಡನೆ ವ್ಯವಹರಿಸುವವರೇ ಇಲ್ಲ. ಆದರೆ ಘಟ್ಟದ ಏಲಕ್ಕಿ ತರಿಸುವ ಇಲ್ಲಿನವನು ಏಡನ್‌ನ ಖಂಡನೆಗೆ ಏಕೆ ಅಂಜಬೇಕು? ಅವನ ಅನ್ನ, ಅವನ ಮಾನ ಎರಡೂ ಬೇರೆ ವರ್ತುಲದಲ್ಲಿದ್ದವು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎನ್ನುವ ಗಾದೆ ಹುಟ್ಟುವುದು ಇಂಥ ಜಾಗದಲ್ಲೇ. ಕೆಟ್ಟ ಹೆಸರಿನ ಶಿಕ್ಷೆ ನಾಟುವುದು ಆ ಹೆಸರನ್ನು ಹೊತ್ತುಕೊಂಡೇ ನಾಳೆಯೂ ಬದುಕಬೇಕಾದವನಿಗೆ. ಹೆಸರು ಬಿಟ್ಟು ಹೋಗಬಲ್ಲವನಿಗೆ ಅದು ತಟ್ಟುವುದಿಲ್ಲ.

ಹಾಗಾದರೆ ಹೊಸಬನ ಮೇಲೆಯೇ ಇಡೀ ಭಾರ ಹೇರಿದರೆ ಸರಿಹೋಗುವುದೇ? ಇದಕ್ಕೆ ವಿಜಯನಗರದ ಕುದುರೆ ವ್ಯಾಪಾರ ತಿರುಗಿ ಉತ್ತರ ಕೊಡುತ್ತದೆ. ಹೊರ್ಮುಜ್, ಏಡನ್‌ಗಳಿಂದ ಕುದುರೆ ತರುವುದು ಅಪಾಯದ ಕೆಲಸ. ನಡುಗಡಲಲ್ಲಿ ಸತ್ತವುಗಳ ನಷ್ಟವೆಲ್ಲ ವರ್ತಕನದೇ ಆಗುತ್ತಿತ್ತು. 15ನೆಯ ಶತಮಾನದ ಕೊನೆಯಲ್ಲಿ ಆಳಿದ ಸಾಳುವ ನರಸಿಂಹ ಕುದುರೆಗಳನ್ನು ಸತ್ತಿರಲಿ ಬದುಕಿರಲಿ ಸಾವಿರ ಪರ್ದಾವ್ ನಾಣ್ಯಕ್ಕೆ ಮೂರರಂತೆ ಕೊಂಡನೆಂದೂ, ಕಡಲಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಹಣ ಕೊಟ್ಟನೆಂದೂ ಪೋರ್ಚುಗೀಸ್ ವರ್ತಕ ಫೆರ್ನಾವ್ ನುನಿಜ್ ಬರೆದಿದ್ದಾನೆ. ನುನಿಜ್ ಬರೆದದ್ದು ಕೆಲವು ದಶಕಗಳ ನಂತರ, ಕೇಳಿದ ಮಾತಿನ ಮೇಲೆ. ಲೆಕ್ಕದಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೂ ತರ್ಕ ಸ್ಪಷ್ಟ. ಮಾರುವವನು ಬರಲೇಬೇಕಾದಾಗ, ಪೇಟೆಯ ಒಡೆಯನೇ ಅಪಾಯದ ಪಾಲು ಹೊತ್ತ. ಹಾಗೆಂದು ಕಣ್ಣು ಮುಚ್ಚಿ ಹೊರಲಿಲ್ಲ, ಬಾಲ ಕೇಳಿದ. ನಷ್ಟ ಹಂಚಿಕೊಳ್ಳುವ ಔದಾರ್ಯಕ್ಕೂ ಸಾಕ್ಷಿ ಕೇಳುವ ಎಚ್ಚರಕ್ಕೂ ವಿರೋಧವಿಲ್ಲ ಎಂಬ ಪಾಠ ಅದರಲ್ಲಿದೆ. ಇಂದು ಬಂದ ಮಾಲು ಒಡೆದಿದೆ ಎನ್ನುವ ಗಿರಾಕಿಯಿಂದ ಫೋಟೊ ಕೇಳುವ ಪದ್ಧತಿ ಆ ಬಾಲದ ವಂಶದ್ದೇ.

ಇಪ್ಪತ್ತನೆಯ ಶತಮಾನದಲ್ಲಿ ಈ ಕಥೆಗೆ ಇನ್ನೊಂದು ಮುಖ ಸೇರಿತು. ಹತ್ತಿ, ಶೇಂಗಾ, ಮೆಣಸಿನಕಾಯಿ ಹೊತ್ತು ಪೇಟೆಗೆ ಬರುತ್ತಿದ್ದ ರೈತನೇ ಅಲ್ಲಿ ಹೊಸಬ; ಮೋಸ ಹೋಗುತ್ತಿದ್ದವನೂ ಅವನೇ. ದಲಾಲರು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಿದ್ದುದು, ತೂಕದಲ್ಲಿ ಕೈಚಳಕ, ಧರ್ಮಾದಾಯ, ಹಮಾಲಿ, ಕಸರು ಎಂದು ಒಂದೊಂದೇ ಹೆಸರಿನಲ್ಲಿ ಮುರಿದುಕೊಳ್ಳುತ್ತಿದ್ದುದು 1928ರಲ್ಲಿ ವರದಿ ಕೊಟ್ಟ ಕೃಷಿಯ ರಾಯಲ್ ಕಮಿಷನ್‌ನ ಕಾಲಕ್ಕೆ ಎಲ್ಲರಿಗೂ ಗೊತ್ತಿದ್ದ ಸಂಗತಿಗಳು. 1886ರಲ್ಲಿ ಬೇರಾರಿನ ಕಾರಂಜಾದಲ್ಲಿ ಆರಂಭವಾದ ನಿಯಂತ್ರಿತ ಮಾರುಕಟ್ಟೆಯ ಪ್ರಯೋಗ, 1927ರ ಮುಂಬಯಿ ಹತ್ತಿ ಮಾರುಕಟ್ಟೆ ಕಾಯಿದೆ, 1939ರ ಮೈಸೂರು ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಗಳನ್ನು ಹಾದು 1966ರ ಕರ್ನಾಟಕದ ಎಪಿಎಂಸಿ ಕಾಯಿದೆಗೆ ಬಂದು ನಿಂತಿತು. ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ತಿಪಟೂರಿನ ಕೊಬ್ಬರಿ ಪೇಟೆ ಬೆಳೆದದ್ದು ಈ ಚೌಕಟ್ಟಿನೊಳಗೆ. ಅದು ಮಾಡಿದ್ದಿಷ್ಟು: ದಲಾಲಿ ಅಂಗಡಿಗೂ ಖರೀದಿದಾರನಿಗೂ ತೂಕದವನಿಗೂ ಲೈಸೆನ್ಸ್ ಕಡ್ಡಾಯ, ಬಹಿರಂಗ ಹರಾಜು ಇಲ್ಲವೇ ಟೆಂಡರ್, ಗೊತ್ತುಪಡಿಸಿದ ದಲಾಲಿ, ತಕರಾರು ಕೇಳಲು ಒಂದು ಸಮಿತಿ. ಪೇಟೆಗೆ ಬಂದವನ ಸ್ವಭಾವ ತಿದ್ದಲು ಅದು ಹೊರಡಲಿಲ್ಲ. ಮರೆಯನ್ನು ತೆಗೆದು ಬಯಲು ಮಾಡಿತು, ದೂರಿಗೆ ಬಾಗಿಲು ತೋರಿಸಿತು. ಹೊಣೆ ಎರಡು ಕಡೆಗೂ ಬೇಕು ಎಂಬುದನ್ನು ಕಾನೂನು ಒಪ್ಪಿಕೊಂಡದ್ದು ಇಲ್ಲಿ.

ಈ ವ್ಯವಸ್ಥೆಗೂ ದೋಷವಿತ್ತು, ಅದನ್ನು ಗಟ್ಟಿಯಾಗಿಯೇ ಹೇಳಬೇಕು. ಒಂದೊಂದು ಪ್ರಾಂಗಣಕ್ಕೂ ಬೇರೆ ಬೇರೆ ಲೈಸೆನ್ಸ್ ಎಂದಾಗ, ಮೊದಲೇ ಒಳಗಿದ್ದವರಿಗೆ ಅದೇ ಗೋಡೆಯಾಯಿತು. ಕೊಳ್ಳುವವರು ಕೆಲವೇ ಮಂದಿಯಾದರೆ ಬಹಿರಂಗ ಹರಾಜಿನಲ್ಲೂ ಅವರವರೇ ಹೊಂದಿಕೊಂಡು ದರ ಇಳಿಸಬಹುದು. ಜಾಮೀನಿನ ವ್ಯವಸ್ಥೆಗಳೆಲ್ಲ ಕೊನೆಗೆ ಹಳಬರ ಕೂಟಗಳಾಗುತ್ತವೆ, ಐನೂರ್ವರೂ ಅಷ್ಟೇ, ಎಪಿಎಂಸಿಯೂ ಅಷ್ಟೇ ಎಂಬ ಟೀಕೆ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಆದರೆ ಅದರ ಮದ್ದು ಹೊಣೆಯನ್ನೇ ಕಿತ್ತುಹಾಕುವುದಲ್ಲ, ಹೊಣೆಯನ್ನು ಒಂದು ಬಾಗಿಲಿನಿಂದ ಬಿಡಿಸಿ ಹಲವು ಬಾಗಿಲಿಗೆ ನಡೆಯುವಂತೆ ಮಾಡುವುದು. 2014ರಲ್ಲಿ ಕರ್ನಾಟಕ ಸರ್ಕಾರ ಸರಕು ವಿನಿಮಯ ಸಂಸ್ಥೆಯೊಂದರ ಜೊತೆ ಸೇರಿ ಕಟ್ಟಿದ ಏಕೀಕೃತ ಆನ್‌ಲೈನ್ ಮಾರುಕಟ್ಟೆ ಹಿಡಿದದ್ದು ಈ ದಾರಿಯನ್ನೇ: ಒಂದು ಲೈಸೆನ್ಸ್ ಇದ್ದರೆ ರಾಜ್ಯದ ಯಾವ ಪ್ರಾಂಗಣದ ಮಾಲಿಗೂ ಬೆಲೆ ಕೂಗಬಹುದು.

ಇಷ್ಟೆಲ್ಲ ಹಿನ್ನೆಲೆಯ ಮುಂದೆ ಇಟ್ಟು ನೋಡಿದರೆ, 1995ರಲ್ಲಿ ಪಿಯರ್ ಒಮಿಡಿಯಾರ್ ಅಮೆರಿಕದಲ್ಲಿ ತೆರೆದ ಹರಾಜಿನ ತಾಣ ಎಷ್ಟು ವಿಚಿತ್ರವಾದ ಪ್ರಯೋಗವಾಗಿತ್ತು ಎಂಬುದು ಗೊತ್ತಾಗುತ್ತದೆ. ಮುಂದೆ ಇಬೇ ಎಂದು ಹೆಸರಾದ ಆ ಪೇಟೆಯಲ್ಲಿ ಸಂಘವಿಲ್ಲ, ಲೈಸೆನ್ಸ್ ಇಲ್ಲ, ಠೇವಣಿ ಇಲ್ಲ. ಮಾರುವವನ ಹೆಸರೇ ಅವನೇ ಇಟ್ಟುಕೊಂಡ ಅಡ್ಡಹೆಸರು. 1996ರಲ್ಲಿ ಅದಕ್ಕೆ ಸೇರಿಸಿದ್ದು ಒಂದೇ ಒಂದು ಸಾಧನ: ವ್ಯವಹಾರ ಮುಗಿದ ಮೇಲೆ ಒಬ್ಬರ ಬಗ್ಗೆ ಇನ್ನೊಬ್ಬರು ಬರೆಯುವ ಅಭಿಪ್ರಾಯ. ಎಂದರೆ ಮೂರು ಹೊಣೆಗಳಲ್ಲಿ ಪ್ರತ್ಯಯವೊಂದೇ, ಅದೂ ಸುಳ್ಳಾದರೆ ಯಾರೂ ಏನೂ ತೆರಬೇಕಿಲ್ಲದ ಪ್ರತ್ಯಯ. ಅದು ನಡೆಯಿತು ಎಂಬುದು ಸತ್ಯ. ಕೋಟಿಗಟ್ಟಲೆ ವ್ಯವಹಾರಗಳು ಅಪರಿಚಿತರ ನಡುವೆ ಸುಸೂತ್ರವಾಗಿ ಮುಗಿದವು; ರೇಟಿಂಗ್ ಇದ್ದರೆ ಸಾಕು, ಹಳೆಯ ಕಾಲದ ಜಾಮೀನು ಬೇಡ ಎನ್ನುವವರ ಮುಖ್ಯ ಆಧಾರವೂ ಇದೇ. ಆದರೆ ಅಂಕಿಗಳನ್ನು ಸ್ವಲ್ಪ ತಿರುವಿ ನೋಡಬೇಕು. 1999ರ ವ್ಯವಹಾರಗಳನ್ನು ಅಧ್ಯಯನ ಮಾಡಿದ ಪಾಲ್ ರೆಸ್ನಿಕ್ ಮತ್ತು ರಿಚರ್ಡ್ ಝೆಕ್‌ಹೌಸರ್‌ಗೆ ಕಂಡದ್ದು ಇದು: ಅಭಿಪ್ರಾಯ ಬರೆದ ಕೊಳ್ಳುವವರು ಸುಮಾರು ಅರ್ಧ ಮಾತ್ರ, ಬರೆದವುಗಳಲ್ಲಿ ಶೇ. 99ಕ್ಕಿಂತ ಹೆಚ್ಚು ಹೊಗಳಿಕೆ. ಎಲ್ಲರಿಗೂ ನೂರಕ್ಕೆ ನೂರು ಅಂಕ ಬರುವ ಪರೀಕ್ಷೆಯಲ್ಲಿ ಜಾಣರನ್ನು ಆರಿಸುವುದು ಹೇಗೆ? ಕೆಟ್ಟದ್ದು ಬರೆದರೆ ಮಾರುವವನು ತಿರುಗಿಸಿ ಕೆಟ್ಟದ್ದು ಬರೆದಾನು ಎಂಬ ಅಂಜಿಕೆಯೂ ಇತ್ತು. 2008ರಲ್ಲಿ ಇಬೇ, ಮಾರಾಟಗಾರರು ಕೊಳ್ಳುವವರ ಮೇಲೆ ಕೆಟ್ಟ ಅಭಿಪ್ರಾಯ ಬರೆಯುವುದನ್ನೇ ನಿಲ್ಲಿಸಬೇಕಾಯಿತು.

ಇದಕ್ಕಿಂತ ಮುಖ್ಯವಾದದ್ದು ಹೊಸಬನ ಪಾಡು. ಅದೇ ವಿದ್ವಾಂಸರು ಸಂಗಡಿಗರೊಡನೆ ಮಾಡಿದ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಬ್ಬನೇ ಮಾರಾಟಗಾರ ಒಂದೇ ಬಗೆಯ ಹಳೆಯ ಅಂಚೆ ಕಾರ್ಡುಗಳನ್ನು ತನ್ನ ಹಳೆಯ ಹೆಸರಿನಲ್ಲೂ ಹೊಸ ಹೆಸರುಗಳಲ್ಲೂ ಮಾರಿದ. ಹಳೆಯ ಹೆಸರಿಗೆ ಕೊಳ್ಳುವವರು ಸುಮಾರು ಶೇ. 8ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು. ಮಾಲು ಅದೇ, ಮನುಷ್ಯನೂ ಅವನೇ. ವ್ಯತ್ಯಾಸ ಹೆಸರಿನ ವಯಸ್ಸಿನದು. ಎರಿಕ್ ಫ್ರೀಡ್‌ಮನ್ ಮತ್ತು ರೆಸ್ನಿಕ್ 2001ರ ಲೇಖನದಲ್ಲಿ ಇದರ ಮೂಲ ಹುಡುಕಿದ್ದರು: ಹೊಸ ಹೆಸರು ಪುಕ್ಕಟೆಯಾಗಿ ಸಿಗುವ ಕಡೆ, ಕೆಟ್ಟ ಹೆಸರು ಪಡೆದವನು ಅದನ್ನು ಕಳಚಿಟ್ಟು ಹೊಸಬನಾಗಿ ಬರಬಲ್ಲ, ಹಾಗಾಗಿ ಹೊಸಬರೆಲ್ಲರನ್ನೂ ಅನುಮಾನದಿಂದ ನೋಡುವುದು ಅನಿವಾರ್ಯವಾಗುತ್ತದೆ. ಮಂಗಳೂರಿನ ಏಲಕ್ಕಿಯ ಪಾಠವೇ ಇದು. ಪ್ರಾಮಾಣಿಕ ಹೊಸಬ ಇಲ್ಲಿ ತಾನು ಮಾಡದ ತಪ್ಪಿಗೆ ದಂಡ ಕಟ್ಟುತ್ತಾನೆ. ಕಟ್ಟಲಾರದವನು ದುಡ್ಡು ಕೊಟ್ಟು ಸುಳ್ಳು ಹೊಗಳಿಕೆ ಬರೆಸುವ ದಾರಿ ಹಿಡಿಯುತ್ತಾನೆ. ಮುಕ್ತವೆಂದು ಕರೆಸಿಕೊಂಡ ಪೇಟೆಯೂ ಹೀಗೆ ಹಳಬರ ಪೇಟೆಯಾಗುತ್ತದೆ, ಲೈಸೆನ್ಸಿನ ಗೋಡೆ ಇಲ್ಲದೆಯೂ.

ಆಮೇಲಿನ ಆನ್‌ಲೈನ್ ಪೇಟೆಗಳ ಇತಿಹಾಸವೆಂದರೆ ಬಿಟ್ಟುಹೋಗಿದ್ದ ಎರಡು ಹೊಣೆಗಳನ್ನು ಒಂದೊಂದಾಗಿ ಮರಳಿ ತಂದ ಇತಿಹಾಸ. ಚೀನಾದಲ್ಲಿ 2003ರಲ್ಲಿ ಆರಂಭವಾದ ಟಾವೊಬಾವೊ, ಬೇಗನೆ ಅಲಿಪೇ ವ್ಯವಸ್ಥೆಯನ್ನು ತಂದಿತು: ಕೊಳ್ಳುವವನ ಹಣ ನಡುವೆ ತಡೆದು ನಿಂತಿರುತ್ತದೆ, ಮಾಲು ಕೈಸೇರಿ ಸರಿಯಿದೆ ಎಂದಮೇಲೆ ಮಾರುವವನಿಗೆ ಸೇರುತ್ತದೆ. ಚೀನಾದಲ್ಲಿ ಇಬೇ 2006ರ ಕೊನೆಗೆ ತನ್ನ ಮುಖ್ಯ ತಾಣವನ್ನು ಮುಚ್ಚಿತು. ಅದಕ್ಕೆ ಕಾರಣಗಳು ಹಲವು, ಆದರೆ ಈ ನಡುಗೈ ವ್ಯವಸ್ಥೆ ಅವುಗಳಲ್ಲಿ ಚಿಕ್ಕದಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಲು ಹೊರಟ ಫ್ಲಿಪ್‌ಕಾರ್ಟ್ 2010ರಲ್ಲಿ ‘ಮಾಲು ಬಂದಮೇಲೆ ಹಣ’ ಎಂಬ ಪದ್ಧತಿ ತಂದಾಗ ಮಾಡಿದ್ದೂ ಅದೇ, ಸಂತೆಯ ಭಾಷೆಯಲ್ಲಿ: ಮೊದಲು ಕೈಗೆ, ಆಮೇಲೆ ಕಾಸು. 2013ರಲ್ಲಿ ಅದು ಹೊರಗಿನ ಮಾರಾಟಗಾರರಿಗೂ ಬಾಗಿಲು ತೆರೆಯುವ ಹೊತ್ತಿಗೆ, ಗಿರಾಕಿಗಳು ಆ ಮಾರಾಟಗಾರರ ಹೆಸರನ್ನು ಓದುವ ಗೋಜಿಗೇ ಹೋಗದೆ ಕೊಂಡರು. ಹೊಸಬನನ್ನು ನಂಬಿ ಅಲ್ಲ, ಮಾಲು ಮರಳಿಸಿದರೆ ಹಣ ಬರುತ್ತದೆ ಎಂದು ನಂಬಿ. ಹೊಸಬನಿಗೆ ಶೇ. 8ರ ದಂಡ ತಪ್ಪಿಸುವ ಉಪಾಯ ಇದು: ಪೇಟೆಯೇ ಹೊಣೆ ನಿಂತರೆ, ಮೊದಲ ದಿನದ ಮಾರಾಟಗಾರನೂ ಹತ್ತು ವರ್ಷದವನ ಜೊತೆ ಸರಿಸಮನಾಗಿ ನಿಲ್ಲಬಲ್ಲ.

ಇಲ್ಲಿ ಪೇಟೆಯ ಒಡೆಯರು ಎತ್ತುವ ಆಕ್ಷೇಪ ಗಂಭೀರವಾದದ್ದು. ನಾವು ಜಾಗ ಕೊಟ್ಟವರು, ಮಾರಿದವರಲ್ಲ. ಲಕ್ಷಾಂತರ ಅಂಗಡಿಗಳಲ್ಲಿ ಯಾವನೋ ಏನೋ ಇಟ್ಟರೆ ನಮ್ಮನ್ನು ಹಿಡಿಯುವುದು ನ್ಯಾಯವೇ? 2004ರ ಡಿಸೆಂಬರ್‌ನಲ್ಲಿ ಬಾಝಿ ಡಾಟ್ ಕಾಮ್ ಪ್ರಕರಣ ಈ ಪ್ರಶ್ನೆಯನ್ನು ಭಾರತದ ಮುಂದೆ ಇಟ್ಟಿತು. ಮಾರಾಟಗಾರನೊಬ್ಬ ಅಶ್ಲೀಲ ದೃಶ್ಯವೊಂದನ್ನು ಅಲ್ಲಿ ಮಾರಾಟಕ್ಕಿಟ್ಟಿದ್ದ. ಸಂಸ್ಥೆಯ ಮುಖ್ಯಸ್ಥರ ಬಂಧನವೂ ಆಯಿತು. ಆ ಬಂಧನ ಎಬ್ಬಿಸಿದ ಚರ್ಚೆಯ ನಂತರ 2008ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಕಲಮಿಗೆ ತಿದ್ದುಪಡಿಯಾಗಿ, ತಕ್ಕ ಎಚ್ಚರ ವಹಿಸಿದ ಮತ್ತು ತಿಳಿದೊಡನೆ ತೆಗೆದುಹಾಕಿದ ಮಧ್ಯವರ್ತಿಗೆ ರಕ್ಷಣೆ ಸಿಕ್ಕಿತು. ಬೇರೆಯವನ ಅಪರಾಧಕ್ಕೆ ಸಂತೆಯ ಯಜಮಾನನನ್ನು ಜೈಲಿಗೆ ಕಳಿಸುವುದು ತಪ್ಪು ಎಂಬುದನ್ನು ಒಪ್ಪಲೇಬೇಕು. ಆದರೆ ಅಪರಾಧದ ಹೊಣೆ ಬೇರೆ, ನಷ್ಟದ ಹೊಣೆ ಬೇರೆ. ಈ ಎರಡನ್ನು ಕಲಸಿಬಿಟ್ಟದ್ದರಿಂದ, ಮೊದಲನೆಯದಕ್ಕೆ ಸಿಕ್ಕ ರಕ್ಷಣೆಯನ್ನು ಎರಡನೆಯದಕ್ಕೂ ಕೊಡೆಯಾಗಿ ಹಿಡಿಯುವ ವಾದ ಬೆಳೆಯಿತು. ಮಿತಾಕ್ಷರೆಯ ವಿಂಗಡಣೆ ಇಲ್ಲಿ ಇಂದಿಗೂ ಹರಿತ. ಆಸಾಮಿಯನ್ನು ತೋರಿಸುತ್ತೇನೆ ಎಂದವನು ಅವನ ಅಪರಾಧಕ್ಕೆ ಗುರಿಯಲ್ಲ. ಅವನನ್ನು ತೋರಿಸಲಾಗದಿದ್ದಾಗ ಮಾತ್ರ ತೆರಬೇಕು. ಮಾರಾಟಗಾರ ಯಾರು, ಎಲ್ಲಿಯವನು ಎಂದು ಗಿರಾಕಿಗೆ ಹೇಳಬಲ್ಲ ಪೇಟೆ ಬದಿಗೆ ಸರಿಯಲಿ. ಹೇಳಲಾರದ ಪೇಟೆ, ಆ ಅಪರಿಚಿತನ ಜಾಗದಲ್ಲಿ ತಾನೇ ನಿಲ್ಲಲಿ.

2020ರ ಗ್ರಾಹಕ ರಕ್ಷಣೆಯ ಇ-ವಾಣಿಜ್ಯ ನಿಯಮಗಳು ಈ ದಿಕ್ಕಿನಲ್ಲಿ ಅರ್ಧ ದಾರಿ ನಡೆದಿವೆ. ಮಾಲಿನ ವಿವರ ನಿಜವೆಂದು ಮಾರಾಟಗಾರನಿಂದ ಮುಚ್ಚಳಿಕೆ ಪಡೆಯಬೇಕು, ಅವನ ಹೆಸರು ವಿಳಾಸಗಳನ್ನು ತೋರಿಸಬೇಕು, ದೂರು ಬಂದ 48 ಗಂಟೆಗಳಲ್ಲಿ ಸ್ವೀಕೃತಿ ಕೊಟ್ಟು ಒಂದು ತಿಂಗಳೊಳಗೆ ಪರಿಹರಿಸಬೇಕು. ದರ್ಶನದ ಹೊಣೆ ಬಂತು, ದಾನದ ಹೊಣೆ ಪೇಟೆಯ ಮರ್ಜಿಗೆ ಉಳಿಯಿತು. ಕಾಗದಪತ್ರದ ಭಾರ ಸಣ್ಣವರನ್ನು ಹೊರಗಿಡುತ್ತದೆ ಎಂಬ ಆಕ್ಷೇಪಕ್ಕೂ ಹುರುಳಿದೆ. ಆನ್‌ಲೈನ್ ಪೇಟೆಯಲ್ಲಿ ಮಾರಲು ವಹಿವಾಟು ಎಷ್ಟೇ ಚಿಕ್ಕದಿರಲಿ ಜಿಎಸ್‌ಟಿ ನೋಂದಣಿ ಬೇಕೇ ಬೇಕು ಎಂಬ ನಿಯಮ ಹಪ್ಪಳ ಸಂಡಿಗೆ ಮಾರುವ ಮನೆಯೊಡತಿಯನ್ನೂ ದೊಡ್ಡ ಗೋದಾಮಿನವನನ್ನೂ ಒಂದೇ ತಕ್ಕಡಿಗೆ ಹಾಕಿತ್ತು. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗೆ ಮಾರುವ ಸಣ್ಣವರಿಗೆ ನೋಂದಣಿ ಬದಲು ಸರಳವಾದ ದಾಖಲಾತಿ ಸಾಕೆಂದಾಯಿತು. ಅದೇ ವರ್ಷ ಜಾರಿಗೆ ಬಂದ ಅಮೆರಿಕದ ಇನ್ಫಾರ್ಮ್ ಕಾಯಿದೆಯೂ ವರ್ಷಕ್ಕೆ 200 ವ್ಯವಹಾರ, 5,000 ಡಾಲರ್ ದಾಟಿದವರ ಗುರುತನ್ನಷ್ಟೇ ಪರಿಶೀಲಿಸಬೇಕೆನ್ನುತ್ತದೆ. ಇದು ಸರಿಯಾದ ಅಳತೆ: ಹೊಣೆಯ ಭಾರ ಸರಕಿನ ಭಾರಕ್ಕೆ ತಕ್ಕಂತೆ ಏರಬೇಕು. ಮೊದಲ ವಾರದ ಮಾರಾಟಗಾರನಿಗೆ ಮಾಲಿನ ಮಿತಿ ಇರಲಿ, ಅವನ ಹಣ ಕೆಲವು ದಿನ ತಡವಾಗಿ ಸೇರಲಿ. ಮಾಲು ಸರಿಯಾಗಿ ಮುಟ್ಟುತ್ತ ಹೋದಂತೆ ಎರಡೂ ಸಡಿಲವಾಗಲಿ. ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದೇ ದಿನ ಎಂದ ಸ್ಮೃತಿಕಾರನಿಗೂ ಎಲ್ಲಕ್ಕೂ ಒಂದೇ ಗಡುವು ಸಲ್ಲದು ಎಂಬುದು ಗೊತ್ತಿತ್ತು. ತಡೆದಿಟ್ಟ ಹಣವನ್ನು ಕಾರಣ ಹೇಳದೆ ಇಟ್ಟುಕೊಳ್ಳುವ ಪೇಟೆಯಿಂದ ಸಣ್ಣ ಮಾರಾಟಗಾರನಿಗೂ ರಕ್ಷಣೆ ಬೇಕು. ಎಪಿಎಂಸಿಯ ಅಂಗಳದಲ್ಲಿ ರೈತ ಕಲಿಸಿದ ಪಾಠವನ್ನು ಮರೆಯುವಂತಿಲ್ಲ.

ಈ ವಾದಕ್ಕೆ ಕಠಿಣವಾದ ಪರೀಕ್ಷೆ ಈಗ ಎದುರಾಗಿದೆ. 2022ರ ಸೆಪ್ಟೆಂಬರ್ 30ರಂದು ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಒಎನ್‌ಡಿಸಿ ಎಂಬ ಮುಕ್ತ ಜಾಲದಲ್ಲಿ ಪೇಟೆಗೆ ಒಬ್ಬ ಒಡೆಯನಿಲ್ಲ. ಗಿರಾಕಿ ಒಂದು ಆ್ಯಪ್‌ನಲ್ಲಿ, ಮಾರಾಟಗಾರ ಇನ್ನೊಂದರಲ್ಲಿ, ಮಾಲು ಮುಟ್ಟಿಸುವವನು ಮತ್ತೊಬ್ಬ. ಒಂದೆರಡು ದೊಡ್ಡ ಪೇಟೆಗಳ ಹಿಡಿತ ಸಡಿಲಿಸಬೇಕೆಂಬ ಅದರ ಗುರಿ ಮೆಚ್ಚತಕ್ಕದ್ದೇ. ಹಲವು ಬಾಗಿಲಿನ ಪೇಟೆ ಬೇಕೆಂದು ಮೇಲೆ ವಾದಿಸಿದ್ದೂ ಆಯಿತು. ಆದರೆ ಬಾಗಿಲು ಹಲವಾದಷ್ಟೂ ‘ಅವರನ್ನು ಕೇಳಿ’ ಎನ್ನುವ ಬಾಯಿಗಳೂ ಹಲವಾಗುತ್ತವೆ. ಐನೂರ್ವರಿಗೂ ಒಬ್ಬ ಒಡೆಯ ಇದ್ದಂತಿಲ್ಲ. ಆದರೂ ಆ ಹೆಸರು ಹೊತ್ತವನು ಬಾರುಸ್‌ನಲ್ಲಿ ಎಡವಿದರೆ ಕೇಳಲು ಐನೂರ್ವರು ಎಂಬ ವಿಳಾಸ ಒಂದೇ ಇತ್ತು. ಇಂಥ ಜಾಲದಲ್ಲಿ ಇಂದು ಅಂಗಡಿ ತೆರೆಯುವ ಹೊಸಬನಿಗೆ ಬೇಕಾದ ವಿಳಾಸವೂ ಅಂಥದೇ. ಮಾಲು ಕೆಟ್ಟ ದಿನ ಗಿರಾಕಿಗೆ ಹಣ ಎಣಿಸಿ ಕೊಡುವವರು ಯಾರು ಎಂಬುದನ್ನು ಮೂರು ಆ್ಯಪ್‌ಗಳೂ ಸೇರಿ, ಮಾಲು ಹೊರಡುವ ಮೊದಲೇ ಬರೆದಿಟ್ಟಿರಬೇಕು. ಹಾಗೆ ಬರೆದಿಟ್ಟ ಜಾಲಕ್ಕೆ ಹೊಸಬನ ಪೂರ್ವಾಪರ ಕೆದಕುವ ಅಗತ್ಯ ಬಹಳ ಇರುವುದಿಲ್ಲ.